ಅಣೆಕಟ್ಟಿನ ಬಳಿ ಬಡಿಸಿದ ಕಟ್ಟುಸೋರು

ಬೀಗರು ನಮ್ಮ ಮನೆಯಲ್ಲಿದ್ದದ್ದು ಎಂಟು ದಿನ. ಆ ಎಂಟು ದಿನದಲ್ಲಿ ನಾನು ಒಂದು ಕಡೆ ನೆಟ್ಟಗೆ ಕೂತ ನೆನಪಿಲ್ಲ. ಕೂತರೆ ಒಲೆಯ ಮೇಲಿಟ್ಟದ್ದರ ನೆನಪು, ಅಡುಗೆಮನೆಗೆ ಹೋದರೆ ಹೊರಗೆ ಅವರಿಬ್ಬರು ಏನು ಪಿಸುಗುಡುತ್ತಿದ್ದಾರೋ ಎಂಬ ಚಿಂತೆ. ಮೈಮೇಲೆ ಇರುವೆ ಬಿಟ್ಟುಕೊಂಡವಳ ಹಾಗೆ ಓಡಾಡುತ್ತಿದ್ದೆ. ನನಗೆ ಅವರ ಬಾಯಿಂದ ಬೇಕಾಗಿದ್ದದ್ದು ಒಂದೇ ಮಾತು. ನಿಮ್ಮ ಮಗಳನ್ನು ಹೆರಿಗೆಗೆ ಕಳಿಸುತ್ತೇವೆ ಎಂಬ ಮಾತು. ಅದನ್ನು ಅವರು ಹೇಳುತ್ತಿರಲಿಲ್ಲ, ನಾನು ಕೇಳುವ ಹಾಗಿರಲಿಲ್ಲ.

ಬೀಗರು ಸಿಂಗಪುರದವರು. ಬೀಗರ ಅಜ್ಜ ಉಡುಮಲೈಪೇಟೆ ಕಡೆಯಿಂದ ಸೀರೆಯ ಗಂಟು ಹೊತ್ತು ಹಡಗು ಹತ್ತಿದವರಂತೆ. ಮೂರು ತಲೆಮಾರು ಕಳೆದರೂ ಮನೆಯೊಳಗೆ ಆಡುವುದು ನಮ್ಮದೇ ಕನ್ನಡ, ಅರ್ಧಕ್ಕರ್ಧ ತಮಿಳು ಬೆರೆತು, ಮಾತಿನ ಕೊನೆಗೆ ಮರ್ಯಾದೆಯ 'ಉಂಗ' ಸೇರಿದ್ದು. ಮಗಳನ್ನು ಕೇಳಿಕೊಂಡು ಬಂದಾಗ ನನ್ನ ಗಂಡನ ಕಡೆಯವರು ಆ ಮಾತು ಕೇಳಿಯೇ ಕರಗಿಹೋದರು. ಅಳಿಯ ಅಲ್ಲಿನ ಬಂದರಿನಲ್ಲಿ ಕೆಲಸಕ್ಕಿದ್ದಾನೆ. ಒಳ್ಳೆಯ ಹುಡುಗ, ಅದರಲ್ಲಿ ನನಗೆ ತಕರಾರಿಲ್ಲ. ತಕರಾರು ಏನಿದ್ದರೂ ನಡುವೆ ಇರುವ ಸಮುದ್ರದ ಮೇಲೆ.

ನಾನು ತಾಳವಾಡಿ ಬೆಟ್ಟದ ಮೇಲಿನ ಹಳ್ಳಿಯವಳು. ಅಲ್ಲಿ ಕನ್ನಡ ಶಾಲೆ ಇತ್ತು, ಆದ್ದರಿಂದ ಹೀಗೆ ನಾಲ್ಕಕ್ಷರ ಬರೆಯಲು ಬರುತ್ತದೆ. ಮದುವೆಯಾಗಿ ಬೆಟ್ಟ ಇಳಿದು ಪೆರಿಯನಾಯಕನಪಾಳ್ಯಂಗೆ ಬಂದೆ. ಗಂಡನ ಮನೆಯವರು ಆಡುವುದು ಕನ್ನಡವಾದರೂ ಕಲಿತದ್ದು ತಮಿಳು ಶಾಲೆಯಲ್ಲಿ, ಯಾರಿಗೂ ಕನ್ನಡ ಓದಲು ಬರುವುದಿಲ್ಲ, ನಾನು ಬರೆದದ್ದನ್ನು ಯಾರೂ ಕದ್ದು ಓದುವ ಭಯವೂ ಇಲ್ಲ. ನೇಯ್ಗೆಯ ಮನೆತನ, ಆದರೆ ಮಾವನವರ ಕಾಲಕ್ಕೇ ಮಗ್ಗ ನಿಂತಿತು. ನನ್ನ ಗಂಡ ಒಂದು ಲೇತ್ ಹಾಕಿಕೊಂಡು ಸುತ್ತಲಿನ ಮಿಲ್ಲುಗಳಿಗೆ ಬಿಡಿಭಾಗ ಕಡೆದುಕೊಡುತ್ತಾರೆ. ದಿನವಿಡೀ ಕಬ್ಬಿಣದ ಸದ್ದು ಕೇಳಿಯೋ ಏನೋ, ಮನೆಗೆ ಬಂದರೆ ಬಾಯಿ ಬಿಡುವುದಿಲ್ಲ. ಮದುವೆಯಾದ ಹೊಸದರಲ್ಲಿ ಇವರಿಗೆ ನನ್ನ ಮೇಲೆ ಸಿಟ್ಟೇನೋ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಇವರು ಎಲ್ಲರ ಹತ್ತಿರವೂ ಅಷ್ಟೇ.

ಮಗಳಿಗೆ ಆಗ ಆರನೇ ತಿಂಗಳು. ಚೊಚ್ಚಲ ಬಸಿರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮಲ್ಲಿ ಚರ್ಚೆ ಮಾಡುವ ವಿಷಯವೇ ಅಲ್ಲ. ಹಾಗೆಂದು ಹೆಣ್ಣಿನ ತಾಯಿ ಬಾಯಿ ಬಿಟ್ಟು ಕೇಳುವುದೂ ಇಲ್ಲ. ಕೇಳಿದರೆ ಇಲ್ಲ ಎನ್ನಲು ಅವರಿಗೆ ದಾರಿ ಮಾಡಿಕೊಟ್ಟಂತೆ. ಅದಕ್ಕೇ ಈ ಸೀಮೆಯಲ್ಲಿ ಕಟ್ಟುಸೋರು, ಅಂದರೆ ಬುತ್ತಿಯನ್ನ, ಎಂಬುದು ಇದೆ. ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಹೆಣ್ಣಿನ ಮನೆಯವರು ಐದು ಬಗೆಯ, ಕೈ ದೊಡ್ಡದಾದರೆ ಏಳೋ ಒಂಬತ್ತೋ ಬಗೆಯ ಕಲಸಿದ ಅನ್ನ ಕಟ್ಟಿಕೊಂಡು ಬೀಗರ ಮನೆಗೆ ಹೋಗಿ ತಮ್ಮ ಕೈಯಾರೆ ಬಡಿಸುತ್ತಾರೆ. ಬೀಗರು ಉಂಡು ಕೈ ತೊಳೆದರೆ ಮುಗಿಯಿತು, ಒಪ್ಪಿದಂತೆ. ಮಗಳನ್ನು ಕರೆದುಕೊಂಡು ಬರುವುದೇ. ಉಂಡ ಮೇಲೆ ಕಳಿಸುವುದಿಲ್ಲ ಅಂದವರನ್ನು ನಾನು ಕಂಡಿರಲಿಲ್ಲ.

ಬೀಗರು ಬರುವುದಕ್ಕೆ ಒಂದು ವಾರ ಮುಂಚೆ ಮಗಳು ಫೋನಿನಲ್ಲಿ ಹೇಳಿದ್ದಳು. "ಅಮ್ಮಾ, ಅತ್ತೆ ಮಾವ ಊರು ನೋಡ್ಬೇಕಂತ ಬರ್ತಾವ್ರೆ. ನಿನ್ ಕೂಟ ಮಾತಾಡೋದೂ ಐತೆ ಅವ್ರಿಗೆ. ನೀನಾಗೆ ಏನೂ ಕೇಳ್ಬೇಡ."

ಮಾತಾಡುವುದು ಇನ್ನೇನಿರುತ್ತದೆ, ಹೆರಿಗೆಯದ್ದೇ ಎಂದು ನಾನು ಕುಣಿದೆ. ಏಳು ತುಂಬಿದ ಮೇಲೆ ವಿಮಾನದವರು ಹತ್ತಿಸಿಕೊಳ್ಳಲು ನೂರೆಂಟು ಕಾಗದ ಕೇಳುತ್ತಾರೆ ಅಂತ ಯಾರೋ ಹೇಳಿದ್ದರು. ಅಂದರೆ ನನಗಿದ್ದದ್ದು ಒಂದು ತಿಂಗಳು. ಬೀದಿಗಿರುವ ಕೋಣೆಗೆ ಸುಣ್ಣ ಬಳಿಸಿದೆ. ಕಿಟಕಿಗೆ ಸೊಳ್ಳೆ ಪರದೆ ಹೊಡೆಸಿದೆ. ಬಾಣಂತಿ ಲೇಹ್ಯಕ್ಕೆ ಸಾಮಾನು ಬರೆಸಿ ತಂದೆ. ಸೂರಿನ ತೊಲೆಗೆ ತೊಟ್ಟಿಲ ಕೊಂಡಿಯನ್ನು ಲೇತಿನಲ್ಲೇ ಕಡೆಸಿ ಹಾಕಿಸಿದೆ. ಬೀದಿಯ ಎಲ್ಲ ಹೆಂಗಸರಿಗೂ ಹೇಳಿಯಾಯಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಅಂತ ಓರಗಿತ್ತಿ ನಕ್ಕಳು. ನಗು ಬಿಡು, ನಿನಗಂತೂ ಹೊಲಿಯಲು ಬರುವುದಿಲ್ಲ ಅಂದೆ.

ಬೀಗರು ಬಂದರು. ಬೀಗ ಉದ್ದನೆಯ ಮನುಷ್ಯ, ಕಂಡದ್ದಕ್ಕೆಲ್ಲ ಫೋನು ಎತ್ತಿ ಹಿಡಿಯುವವರು. ಬೀಗಿತ್ತಿಗೆ ಮಂಡಿನೋವು. ಬಿಸಿನೀರಿನ ಫ್ಲಾಸ್ಕು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು, ಆದರೂ ನನ್ನನ್ನು ಅಕ್ಕ ಅನ್ನುತ್ತಿದ್ದರು, ನಾನೂ ಅಕ್ಕ ಅನ್ನುತ್ತಿದ್ದೆ. ಮೊದಲ ದಿನ ಊಟ, ನಿದ್ದೆ, ತಂದ ಚಾಕಲೇಟು ಹಂಚುವುದರಲ್ಲಿ ಕಳೆಯಿತು. ಮಗಳು ಹೇಗಿದ್ದಾಳೆ ಎಂದು ಹತ್ತು ಸಲ ಕೇಳಿದೆ. ಹತ್ತು ಸಲವೂ "ಚೆನ್ನಾಗವಳೆ" ಎಂದಷ್ಟೇ ಹೇಳಿ ಬೀಗಿತ್ತಿ ಗಂಡನ ಮುಖ ನೋಡಿದರು. ಆ ನೋಟ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಎರಡನೇ ದಿನ ಮರುದಮಲೈ ಬೆಟ್ಟದ ಮೇಲಿನ ಗುಡಿ. ಬೀಗಿತ್ತಿಯ ಮಂಡಿಯ ಸಲುವಾಗಿ ಕಾರು ಮೇಲಿನವರೆಗೂ ಹೋಯಿತು, ಉಳಿದ ಮೆಟ್ಟಿಲುಗಳನ್ನು ನನ್ನ ಭುಜ ಹಿಡಿದು ಹತ್ತಿದರು. ಅರ್ಧಕ್ಕೆ ನಿಂತು ಉಸಿರು ಬಿಟ್ಟು, "ಅಕ್ಕ, ನಿಮ್ ಕೂಟ ಒಂದು ವಿಷಯ ಮಾತಾಡ್ಬೇಕಿತ್ತುಂಗ" ಅಂದರು.

ಎಷ್ಟು ದಿನದಿಂದ ಕಾದಿದ್ದೆನೋ ಅದೇ ಮಾತು ಬರುತ್ತಿದೆ. ಆದರೆ ಅವರ ದನಿ ನನಗೆ ಯಾಕೋ ಸರಿ ಕಾಣಲಿಲ್ಲ. ಒಳ್ಳೆಯ ಸುದ್ದಿ ಹೇಳುವವರು ಹಾಗೆ ತಲೆ ತಗ್ಗಿಸುವುದಿಲ್ಲ. "ಮೊದ್ಲು ದರ್ಶನ ಮಾಡ್ಕಂಬರೋಣ ಬನ್ನಿ ಅಕ್ಕ, ಬಾಗ್ಲು ಹಾಕ್ಬುಡ್ತಾರೆ" ಎಂದು ಕೈ ಹಿಡಿದು ಎಳೆದೆ. ಬಾಗಿಲು ಹಾಕಲು ಇನ್ನೂ ಗಂಟೆಗಟ್ಟಲೆ ಸಮಯವಿತ್ತು.

ಅಲ್ಲಿಂದ ಶುರುವಾಯಿತು ನನ್ನ ಓಟ. ಅವರಿಗೆ ಬಾಯಿ ತೆರೆಯಲು ಬಿಡುವು ಸಿಗಬಾರದು. ಮೂರನೇ ದಿನ ಪೇರೂರು ಗುಡಿ, ಅಲ್ಲಿಂದ ಪೇಟೆಬೀದಿಯ ಸೀರೆ ಅಂಗಡಿಗಳು. ನಾಲ್ಕನೇ ದಿನ ಪಾಲಕ್ಕಾಡ್ ರಸ್ತೆ ಹಿಡಿದು ಮದುಕ್ಕರೈ ಗುಡ್ಡದ ಗುಡಿ. ಬೀಗರು ಅಲ್ಲಿನ ಸಿಮೆಂಟ್ ಕಾರ್ಖಾನೆಯ ಚಿಮಣಿಯನ್ನೂ ಬಿಡದೆ ಫೋಟೋ ತೆಗೆದರು. ಕಾರಿನಲ್ಲಿ ಹಾಡು ಹಾಕಿಸಿದೆ. ಹಾಡು ನಿಂತರೆ ನಾನೇ ಮಾತಾಡಿದೆ. ತೆಂಗಿನಕಾಯಿಯ ಧಾರಣೆ, ಯಾರ ಮನೆಯ ಬೋರು ಬತ್ತಿದ್ದು, ಯಾವ ಓಣಿಯಲ್ಲಿ ಯಾವ ನಾಯಿ ಕಚ್ಚುತ್ತದೆ, ಹೇಳಲು ಏನೂ ಬಿಡಲಿಲ್ಲ. ಬೀಗಿತ್ತಿ ಕಾರಿನ ಕಿಟಕಿಗೆ ತಲೆ ಒರಗಿಸಿ ಹೂಂಗುಟ್ಟುತ್ತಿದ್ದರು. ಬೇರೆ ಬೀಗರಾಗಿದ್ದರೆ ಅವತ್ತೇ ಟಿಕೆಟು ಬದಲಾಯಿಸಿ ಓಡಿಹೋಗುತ್ತಿದ್ದರು.

ಐದನೇ ದಿನ ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಬಂದಾಗ ಹಿತ್ತಲಲ್ಲಿ ಹಿಡಿದುಕೊಂಡೆ.

"ಏನುಂಗ, ನಾಳೆ ಅಮರಾವತಿ ಅಣೆಗೆ ಹೋಗೋಣ. ನಾನು ಕಟ್ಟುಸೋರು ಕಟ್ತೀನಿ."

ಅವರು ಕೈ ತೊಳೆಯುವುದನ್ನು ನಿಲ್ಲಿಸಿ ನೋಡಿದರು. "ಕಟ್ಟುಸೋರಾ? ಹುಡ್ಗೀನೇ ಇಲ್ಲ. ತಿಂಗಳೂ ಆಗಿಲ್ಲ. ಅವ್ರ ಮನೇನೂ ಅಲ್ಲ."

"ಬೀಗ್ರು ಎಲ್ಲಿದ್ರೆ ಅದೇ ಬೀಗ್ರ ಮನೆ. ಸಮುದ್ರ ದಾಟಿ ಅನ್ನ ಹೊತ್ಕಂಡು ಹೋಗಕ್ಕಾಗತ್ತಾ?"

"ಅವ್ರಿಗೆ ಹೇಳಿ ಬಡ್ಸು ಮತ್ತೆ."

"ಕಟ್ಟುಸೋರು ತಂದೀವಿ ಅಂತ ಯಾರಾದ್ರೂ ಡಂಗುರ ಹೊಡೀತಾರಾ? ತಿಳಿದೋರು ತಿಳ್ಕೋತಾರೆ."

ಅವರು ಕೈ ಒರೆಸಿಕೊಂಡು ಊಟಕ್ಕೆ ಹೋದರು. ನಾನೂ ಉತ್ತರಕ್ಕೆ ಕಾಯಲಿಲ್ಲ. ಅದು ಮೋಸ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಉಂಡವರು ಇಲ್ಲ ಎನ್ನಲಾರರು ಎಂಬ ಧೈರ್ಯ ಅದಕ್ಕಿಂತ ದೊಡ್ಡದಾಗಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ನಸುಕಿಗೇ ಎದ್ದು ಹುಳಿಯನ್ನ, ನಿಂಬೆಹಣ್ಣಿನ ಅನ್ನ, ಕಾಯಿಯನ್ನ, ಎಳ್ಳನ್ನ, ಮೊಸರನ್ನ ಕಲಸಿದೆ. ಎಳ್ಳು ಹುರಿಯುವಾಗ ಒಮ್ಮೆ ಸೀದಿತು, ಚೆಲ್ಲಿ ಮತ್ತೆ ಹುರಿದೆ. ಒಂದೊಂದನ್ನೂ ಬೇರೆ ಡಬ್ಬಿಗೆ ತುಂಬಿ, ಬಾಳೆ ಎಲೆ ಕೊಯ್ದು ಸುತ್ತಿಕೊಂಡು, ಪೊಳ್ಳಾಚಿ ದಾಟಿ, ಉಡುಮಲೈಪೇಟೆ ದಾಟಿ ಅಣೆಕಟ್ಟಿಗೆ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು.

ಮೊದಲು ಅಲ್ಲಿ ಸಾಕಿರುವ ಮೊಸಳೆಗಳನ್ನು ನೋಡಿದೆವು. ಬೀಗರು ಒಂದು ಮೊಸಳೆಯ ಮುಂದೆ ಫೋನು ಹಿಡಿದು ಕಾಲು ಗಂಟೆ ನಿಂತರು. ಅದು ಬಾಯಿ ತೆರೆದುಕೊಂಡು ಬಿದ್ದಿತ್ತು, ಕದಲಲಿಲ್ಲ.

"ಇದು ಬೊಂಬೆನಾ ಸಮ್ಮಂದಿ?" ಎಂದು ಬೀಗರು ನನ್ನ ಗಂಡನನ್ನು ಕೇಳಿದರು. ಬೀಗನನ್ನು ತಮಿಳಿನಲ್ಲಿ ಹಾಗೆ ಕರೆಯುತ್ತಾರೆ.

"ಅಲ್ಲ, ಕಾಯ್ತಾ ಐತೆ" ಎಂದರು ನನ್ನ ಗಂಡ. ಅವತ್ತು ಅವರು ಆಡಿದ ಮಾತು ಅದೊಂದೇ ಇರಬೇಕು.

ಅಣೆಯ ಕೆಳಗಿನ ತೋಟದಲ್ಲಿ ನೆರಳು ಹುಡುಕಿ ಜಮಖಾನ ಹಾಸಿ ಎಲೆ ಹಾಕಿದೆ. ನನ್ನ ಎಲೆ ಹಾಕಿಕೊಳ್ಳಲಿಲ್ಲ. ನಿಂತು ಬಡಿಸುವುದು ಪದ್ಧತಿ. ಬೀಗರು ಹುಳಿಯನ್ನವನ್ನು ಮೂರು ಸಲ ಹಾಕಿಸಿಕೊಂಡರು. ಪಿಕ್ನಿಕ್ ಅಂದ್ರೆ ಇದು, ಅಲ್ಲಿ ಬರೀ ಬ್ರೆಡ್ಡು ಅಂದರು. ಬೀಗಿತ್ತಿ ಮಾತ್ರ ಮೊದಲೆರಡು ಡಬ್ಬಿ ತೆರೆಯುವವರೆಗೆ ಮಾತಾಡುತ್ತಿದ್ದವರು ಮೂರನೆಯದಕ್ಕೆ ಸುಮ್ಮನಾದರು. ಎಳ್ಳನ್ನ ಬಡಿಸುವಾಗ ನನ್ನ ಮುಖವನ್ನು ನೋಡಿದರು. ಐದನೆಯದು ಎಲೆಗೆ ಬಿದ್ದಾಗ ತಲೆ ತಗ್ಗಿಸಿ, ಒಂದಗಳೂ ಬಿಡದೆ ಎಲ್ಲವನ್ನೂ ಉಂಡರು. ಕೈ ತೊಳೆಯಲು ನಾನೇ ನೀರು ಹಾಕಿದೆ. ಆ ನೀರು ಹಾಕಿದಾಗ ನನಗಾದ ನೆಮ್ಮದಿ ಏನೆಂದು ಹೇಳಲಿ! ಡಬ್ಬಿ ತೊಳೆಯುವ ನೆವದಲ್ಲಿ ಪಕ್ಕಕ್ಕೆ ಹೋಗಿ ಓರಗಿತ್ತಿಗೆ ಫೋನು ಮಾಡಿ, ಉಂಡರು, ಮುಂದಿನ ತಿಂಗಳು ನಮ್ಮ ಹುಡುಗಿ ಬರುತ್ತಾಳೆ ಎಂದು ಹೇಳಿಯೂಬಿಟ್ಟೆ. ವಾಪಸ್ಸು ಬರುವಾಗ ಆ ವಾರದಲ್ಲಿ ಮೊದಲ ಸಲ ಕಾರಿನಲ್ಲಿ ನನಗೆ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕ್ಯಾಲೆಂಡರ್ ತಂದು ಮೇಜಿನ ಮೇಲೆ ಹರಡಿದೆ. "ಈ ಬುಧವಾರ ಒಳ್ಳೇದು ಅಕ್ಕ. ಟಿಕೆಟ್ ನಾವೇ ಹಾಕ್ತೀವಿ. ನಾನೇ ಬಂದು ಕರ್ಕಂಬರ್ಲಾ, ಇಲ್ಲ ಅಳಿಯಂದ್ರು ಬಿಟ್ಟೋಗ್ತಾರಾ?"

ಬೀಗಿತ್ತಿ ಇಡ್ಲಿ ಮುರಿಯುತ್ತಿದ್ದ ಕೈಯನ್ನು ತಟ್ಟೆಯಲ್ಲೇ ಬಿಟ್ಟರು. "ಅಕ್ಕ, ನಾವು ಬಂದದ್ದೇ ಇದನ್ನ ಹೇಳಕ್ಕೆ. ದಿನಾ ಹೇಳ್ಬೇಕಂತ ಹೊರಡ್ತೀವಿ, ಆಗ್ಲಿಲ್ಲ. ಹೆರಿಗೆ ಅಲ್ಲೇ ಅಂತ ಆಗೋಗಿದೆಂಗ. ಆಸ್ಪತ್ರೇಲಿ ಹೆಸ್ರೂ ಬರ್ಸಿದ್ದಾಗಿದೆ."

ನನಗೆ ಮೊದಲು ಕೇಳಿಸಲೇ ಇಲ್ಲ. ಕೇಳಿಸಿದ ಮೇಲೆ ಬಾಯಿಗೆ ಬಂದದ್ದು ಇಷ್ಟು: "ನೆನ್ನೆ ತಿಂದು ತೇಗಿ ಈಗ ಇಲ್ಲ ಅಂತೀರಾ?"

ಬೀಗರು ಕಾಫಿ ಲೋಟವನ್ನು ಎತ್ತಲೂ ಆಗದೆ ಇಡಲೂ ಆಗದೆ ಹಿಡಿದು ಕೂತರು. ಪಾಪ, ಅವರಿಗೆ ಏನು ತಿಂದದ್ದಕ್ಕೆ ಈ ಬೈಗುಳ ಎಂದೇ ಅರ್ಥವಾಗಿರಲಿಲ್ಲ. ಮನೆಗೆ ಬಂದವರಿಗೆ ಉಂಡದ್ದನ್ನು ಎತ್ತಿ ಆಡಿದವರು ನಮ್ಮ ಕುಲದಲ್ಲಿ ಯಾರೂ ಇಲ್ಲ, ನಾನೇ ಮೊದಲಿನವಳು. ಇವತ್ತು ನೆನೆದರೂ ನಾಚಿಕೆಯಾಗುತ್ತದೆ.

"ನಂಗೆ ಗೊತ್ತಾಯ್ತು ಅಕ್ಕ" ಎಂದರು ಬೀಗಿತ್ತಿ. ಕೋಪವಿರಲಿಲ್ಲ. "ಮೂರನೇ ಡಬ್ಬಿ ತೆಗೆದಾಗ್ಲೇ ಗೊತ್ತಾಯ್ತು. ಆದ್ರೆ ಏನ್ ಮಾಡ್ಲಿ? ಬಸ್ರಿ ಹೆಸರಲ್ಲಿ ಕಟ್ಟಿದ ಅನ್ನ ಎಲೇಲಿ ಬಿಟ್ಟು ಏಳಕ್ಕಾಗತ್ತಾ? ನಂಗೆ ನಮ್ಮಮ್ಮ ಕಟ್ಟಲಿಲ್ಲ. ಅವ್ರು ಇಲ್ಲಿ, ನಾನು ಅಲ್ಲಿ. ತಪ್ಪಂತ ತಿಳ್ದೇ ತಿಂದೆ." ತಟ್ಟೆ ಪಕ್ಕಕ್ಕೆ ಸರಿಸಿ, "ಬೇಡ ಅಂದದ್ದು ನಾವಲ್ಲ. ನೀವೇ ಅವಳ್ನ ಕೇಳಿ" ಎಂದರು.

ಸುಣ್ಣ ಬಳಿಸಿದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಗಳಿಗೆ ಫೋನು ಮಾಡಿದೆ.

"ನಾನೇಮ್ಮಾ ಬೇಡ ಅಂದದ್ದು" ಎಂದಳು. "ನಿಂಗೆ ಹೇಳಕ್ಕೆ ಹೆದ್ರಿಕೆ ಆಯ್ತು. ಅತ್ತೆ ತಲೆಗೆ ಕಟ್ದೆ."

"ಯಾಕೆ? ನಾನು ಸರ್ಯಾಗಿ ನೋಡ್ಕಳಲ್ಲ ಅಂತ್ಲಾ?"

"ಅಲ್ಲಮ್ಮ. ಹೆರಿಗೆ ಹೊತ್ತಲ್ಲಿ ಅವ್ರು ಪಕ್ಕದಲ್ಲಿರ್ಬೇಕು ನಂಗೆ. ಇಲ್ಲಿ ಒಳಕ್ಕೆ ಬಿಡ್ತಾರೆ."

"ಗಂಡಸ್ಗೆ ಅಲ್ಲೇನ್ ಕೆಲ್ಸ?"

"ಕೆಲ್ಸ ಏನಿಲ್ಲ. ಕೈ ಹಿಡ್ಕಂಡಿರ್ಲಿ ಅಂತ."

ನನಗೆ ಉರಿದುಹೋಯಿತು. "ನೀನು ಹುಟ್ಟಿದಾಗ ನಿಮ್ಮಪ್ಪ ತಲೆ ಹಾಕಿದ್ದು ಹದಿನಾರನೇ ದಿನ. ಒಂದೂವರೆ ದಿನ ನೋವು ತಿಂದೆ ಒಬ್ಳೇ. ಸತ್ತೋದ್ನಾ?"

ಅವಳು ಮೆಲ್ಲಗೆ, "ನೀನು ಇದನ್ನ ಹೇಳ್ಕಂಡು ಅಪ್ಪನ ಮೇಲೆ ಸಿಟ್ಟು ಮಾಡ್ದಾಗ್ಲೆಲ್ಲ ಕೇಳ್ತಾ ಬೆಳೆದೋಳು ನಾನು" ಎಂದಳು. "ನೀನೂ ಬಾಮ್ಮ ಇಲ್ಲಿಗೆ."

ಮೊಮ್ಮಗು ಕಾಣುವ ಮೊದಲು ಹೆಣ್ಣಿನ ತಾಯಿ ಬೀಗರ ಮನೆಯಲ್ಲಿ ಬೀಡು ಬಿಟ್ಟರೆ ಬೀದಿಯವರು ಆಡಿಕೊಳ್ಳುತ್ತಾರೆ, ಬರುವುದಿಲ್ಲ ಎಂದು ಫೋನು ಇಟ್ಟೆ.

ಎಂಟನೇ ದಿನ ಬೆಳಿಗ್ಗೆ ಬೀಗರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟೆವು. ಲೇಹ್ಯವನ್ನು ಡಬ್ಬಿಗೆ ಹಾಕಿ ಕೊಟ್ಟೆ, ಬಿಗುವಾಗಿಯೇ ಕೊಟ್ಟೆ. ಬೀಗಿತ್ತಿ ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲು ತಡಮಾಡಿದರು. ಕ್ಷಮಿಸಿ ಎಂದು ನಾನು ಹೇಳಬೇಕಿತ್ತು. ಅದರ ಬದಲು ಲೇಹ್ಯವನ್ನು ಯಾವ ಹೊತ್ತಿಗೆ ಕೊಡಬೇಕೆಂದು ಹೇಳಿದೆ. ಅವರು ಫ್ಲಾಸ್ಕು ಹಿಡಿದು ಮಂಡಿ ಎಳೆಯುತ್ತಾ ಒಳಗೆ ಹೋದರು.

ವಾಪಸ್ಸು ಬರುವಾಗ ಕಾರಿನಲ್ಲಿ ನಾನು ಸುಮ್ಮನಿರಲಿಲ್ಲ. ಮಗಳಿಗೆ ಬೈದೆ, ಕಾಲಕ್ಕೆ ಬೈದೆ. ಕೊನೆಗೆ ಪಕ್ಕದಲ್ಲಿದ್ದವರ ಕಡೆ ತಿರುಗಿದೆ. "ಗಂಡ ಪಕ್ಕದಲ್ಲಿ ನಿಂತ್ಕಬೇಕಂತೆ! ನಿಮ್ಗೆ ಅವತ್ತು ಬರ್ಬೇಕು ಅನ್ಸಿತ್ತಾ? ಹದಿನಾರು ದಿನ ಲೇತ್ ಮುಂದೆ ನೆಮ್ಮದಿಯಾಗಿ ಇದ್ರಲ್ಲ."

ಅವರು ರಸ್ತೆ ನೋಡುತ್ತಲೇ, "ಬಂದಿದ್ದೆ" ಎಂದರು.

"ಎಲ್ಲಿಗೆ?"

"ತಾಳವಾಡಿಗೆ. ನಿಮ್ಮ ತಮ್ಮ ಪಕ್ಕದಂಗಡಿಗೆ ಫೋನು ಮಾಡ್ದ, ನೋವು ಶುರುವಾಗೈತೆ ಅಂತ. ಸತ್ಯಮಂಗಲಕ್ಕೆ ಹೋಗಿ ಬೆಟ್ಟದ ಬಸ್ಸು ಹಿಡ್ದೆ. ಮಧ್ಯಾಹ್ನ ನಿಮ್ಮನೆ ಮುಂದೆ ಇದ್ದೆ."

ನಾನು ಸೀಟಿನಲ್ಲಿ ಪೂರ್ತಿ ಅವರ ಕಡೆ ತಿರುಗಿ ಕೂತೆ.

"ನಿಮ್ಮಪ್ಪ ಜಗಲಿ ಮೇಲೆ ಕುಂತಿದ್ರು. ಗಂಡಸ್ರು ಬರೋ ಹೊತ್ತಲ್ಲ ಇದು, ಹದಿನಾರು ಕಳೀಲಿ ಅಂದ್ರು. ಕಾಫಿ ತರಿಸಿ ಕೊಟ್ರು. ಸಾಯಂಕಾಲದ ಬಸ್ಸಿಗೆ ಅವ್ರೇ ಹತ್ಸಿದ್ರು. ಬಂದಿದ್ದೆ ಅಂತ ಅವಳಿಗೆ ಹೇಳ್ಬೇಡಿ, ಮನಸ್ಸು ಅಲ್ಲಾಡತ್ತೆ ಅಂದ್ರು." ಗೇರು ಬದಲಿಸಿದರು. "ಬಸ್ಸು ಬರೋವರ್ಗೂ ಜಗಲಿ ಮೇಲೆ ಕುಂತಿದ್ದೆ. ನೀನು ಕೂಗಾಡದು ಕೇಳ್ತಿತ್ತು."

"ಆಮೇಲಾದ್ರೂ ಹೇಳ್ಬಾರ್ದಾ? ಇಷ್ಟು ವರ್ಷ..."

"ನಿಮ್ಮಪ್ಪಂಗೆ ಮಾತು ಕೊಟ್ಟಿದ್ದೆ, ಅವ್ರು ಇರೋವರ್ಗೂ ಹೇಳಕ್ಕಾಗ್ಲಿಲ್ಲ. ಅವ್ರು ಹೋದ್ಮೇಲೆ ಹೇಳಿದ್ರೆ ನಿಂಗೆ ಅವ್ರ ಮೇಲೆ ಸಿಟ್ಟು ಬರ್ತಿತ್ತು."

ನನಗೆ ಅಳು ಬಂತು, ತಡೆಯಲಿಲ್ಲ. ಮೂವತ್ತು ವರ್ಷ ಜಗಳ ಬಂದಾಗಲೆಲ್ಲ ಬೇರೆ ಆಯುಧ ಸಿಗದಿದ್ದರೆ ಇದೊಂದನ್ನು ಎತ್ತಿ ಬೀಸಿದ್ದೆ, ಮಗಳ ಮುಂದೆ, ನೆಂಟರ ಮುಂದೆ. ಅವರು ತಲೆ ತಗ್ಗಿಸಿಕೊಂಡು ಅನ್ನ ಕಲಸುತ್ತಿದ್ದರು. ಅಪ್ಪನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಆ ಮಧ್ಯಾಹ್ನ ಜಗಲಿಯ ಮೇಲೆ ಒಬ್ಬರ ಪಕ್ಕ ಒಬ್ಬರು ಕೂತು ನನ್ನ ಕೂಗು ಕೇಳುತ್ತಿದ್ದ ಆ ಇಬ್ಬರು ಗಂಡಸರೇ ಕಣ್ಣ ಮುಂದೆ ಬರುತ್ತಿದ್ದರು.

ತುಡಿಯಲೂರಿನ ಹತ್ತಿರ ಒಂದು ಟೀ ಅಂಗಡಿಯ ಮುಂದೆ ಅವರು ಕಾರು ನಿಲ್ಲಿಸಿ ಇಳಿದು ಹೋದರು, ನಾನು ಮುಖ ಒರೆಸಿಕೊಳ್ಳಲಿ ಎಂದು. ನಾನು ಮಗಳಿಗೆ ಫೋನು ಮಾಡಿದೆ. ಅಲ್ಲಿ ಆಗಲೇ ಮಧ್ಯಾಹ್ನ. ನಿದ್ದೆಯಿಂದ ಎದ್ದ ದನಿಯಲ್ಲಿ, "ಏನಮ್ಮಾ, ಇನ್ನೂ ಸಿಟ್ಟಾ?" ಎಂದಳು.

"ನಿನ್ ಗಂಡಂಗೆ ಹೇಳು" ಎಂದೆ. "ಯಾರು ಏನಂದ್ರೂ ಸರಿ, ನಾನೇ ಅಲ್ಲಿಗ್ ಬಂದು ಅಂದ್ರೂ ಸರಿ, ಹೊರ್ಗೆ ಕುಂತ್ಕಬಾರ್ದು. ಒಳ್ಗೇ ಇರ್ಲಿ."